ಮೌತ್‌ಗಾರ್ಡ್ (ದಂತರಕ್ಷಕ)

ಆಟದ ವೇಳೆ ಹಲ್ಲು, ತುಟಿ, ವಸಡುಗಳಿಗೆ ಪೆಟ್ಟಾಗದಂತೆ ಸಾಮಾನ್ಯವಾಗಿ ಮೇಲ್ಸಾಲಿನ ಹಲ್ಲುಗಳಿಗೆ ತೊಡುವ ಮೆತ್ತನೆಯ ಕವಚ. ಗಮ್ ಶೀಲ್ಡ್ ಎಂದೂ ಕರೆಯುತ್ತಾರೆ. 1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರ್‌ಗಳ ಹಲ್ಲುಗಳ ಮೇಲೆ ಗಟ್ಟಾಪರ್ಚಾ ಎಂಬ ಮರದಂಟಿನ ಪಟ್ಟಿ ಕೂರಿಸಿದ್ದು ಇದರ ಆರಂಭದ ರೂಪ.

ವಿಧಗಳು: ಅಂಗಡಿಯಲ್ಲಿ ಸಿಗುವ ಸಿದ್ಧ ಕವಚವನ್ನು ಹಲ್ಲು ಕಚ್ಚಿಯೇ ಹಿಡಿದಿರಬೇಕು. ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚುವ ಬಗೆ ಅದಕ್ಕಿಂತ ಮೇಲಾದರೂ ಕಚ್ಚಿದೆಡೆ ತೆಳುವಾಗುತ್ತದೆ. ದಂತವೈದ್ಯರು ಅಳತೆಗೆ ತಕ್ಕಂತೆ ಮಾಡಿಕೊಡುವುದು ಮೂರನೆಯದು.

ತಯಾರಿ: ಆಲ್ಜಿನೇಟ್‌ನಿಂದ ಹಲ್ಲಿನ ಅಚ್ಚು ತೆಗೆದು, ಅದರಲ್ಲಿ ಡೆಂಟಲ್ ಸ್ಟೋನ್ ಸುರಿದು ಪ್ರತಿರೂಪ ಮಾಡುತ್ತಾರೆ. ಎಥಿಲೀನ್ ವಿನೈಲ್ ಅಸಿಟೇಟ್ ಹಾಳೆಯನ್ನು ಕಾಯಿಸಿ, ನಿರ್ವಾತ ಅಥವಾ ಒತ್ತಡದ ಯಂತ್ರದಿಂದ ಆ ಪ್ರತಿರೂಪದ ಮೇಲೆ ಕೂರಿಸಿ, ಅಂಚು ಕತ್ತರಿಸಿ ನಯಗೊಳಿಸುತ್ತಾರೆ. ಮುಂಭಾಗದಲ್ಲಿ ಸುಮಾರು 3 ಮಿ.ಮೀ. ದಪ್ಪ ಉಳಿಯಬೇಕು.

ಮಲೆನಾಡಿನಲ್ಲಿ: ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಶಾಲಾ ಕ್ರೀಡಾಕೂಟದಿಂದ ಊರ ಪಂದ್ಯಾವಳಿಯವರೆಗೆ ಕಬಡ್ಡಿ ಆಡುತ್ತಾರೆ. ಹಿಡಿತದ ಭರದಲ್ಲಿ ಮೊಣಕೈ, ಮಂಡಿ, ತಲೆ ಬಾಯಿಗೆ ಬಡಿಯುವುದು ಈ ಆಟದಲ್ಲಿ ಸಹಜ. ದಾಳಿಗಾರ 'ಕಬಡ್ಡಿ' ಎಂದು ಉಸಿರು ಕಡಿಯದೆ, ಸ್ಪಷ್ಟವಾಗಿ ಹೇಳುತ್ತಿರಬೇಕಾದ್ದರಿಂದ ಕಚ್ಚಿ ಹಿಡಿಯುವ ಕವಚ ಅವನಿಗೆ ಒದಗದು. ಬಾಯಿ ತೆರೆದರೂ ಜಾರದ, ಅಳತೆಯ ಕವಚವೇ ಬೇಕು. ಬಾಕ್ಸಿಂಗ್‌ನಲ್ಲಿ ಮೌತ್‌ಗಾರ್ಡ್ ಕಡ್ಡಾಯ. ಕಬಡ್ಡಿಯಲ್ಲಿ ಆಟಗಾರನ ಆಯ್ಕೆ. ಈ ಭಾಗಕ್ಕೆ ಸಮೀಪದ ದಂತವೈದ್ಯಕೀಯ ಕಾಲೇಜುಗಳು ಶಿವಮೊಗ್ಗ ಮತ್ತು ಘಟ್ಟದ ಕೆಳಗಿನ ಮಣಿಪಾಲದಲ್ಲಿವೆ.

ಬುಡಸಮೇತ ಕಳಚಿದ ಹಲ್ಲನ್ನು ಮತ್ತೆ ಕೂರಿಸಲು ಮೊದಲ ಒಂದು ಗಂಟೆಯೊಳಗಿನ ಸಮಯ ನಿರ್ಣಾಯಕ. ದೂರದ ಊರಿನವರಿಗೆ ಮುನ್ನೆಚ್ಚರಿಕೆ ಹೆಚ್ಚು ಮುಖ್ಯವಾಗುವುದು ಇದಕ್ಕಾಗಿಯೇ. ಕಾಯಂ ಹಲ್ಲು ಬಿದ್ದರೆ ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ನಿರ್ವಹಣೆ ಮತ್ತು ಮಿತಿ: ಬಳಸಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಬಿಸಿನೀರು, ಬಿಸಿಲು ತಾಗಿದರೆ ಆಕಾರ ಕೆಡುತ್ತದೆ. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತಿರುವ ಮಕ್ಕಳಿಗೂ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೂ ಕವಚವನ್ನು ಆಗಾಗ ಬದಲಿಸಬೇಕಾಗುತ್ತದೆ. ಮಿದುಳಿನ ಆಘಾತವನ್ನು ಇದು ಖಚಿತವಾಗಿ ತಡೆಯುತ್ತದೆ ಎನ್ನಲಾಗದು. ಇದರ ರಕ್ಷಣೆ ಮುಖ್ಯವಾಗಿ ಬಾಯಿಗೆ.