ವಾಕರ್‌ನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆಯೇ?

ನಂಬಿಕೆ: ವಾಕರ್‌ನಲ್ಲಿ ಕೂರಿಸಿದರೆ ಮಗು ಬೇಗ ನಡೆಯಲು ಕಲಿಯುತ್ತದೆ.

ನಿಜಾಂಶ: ಇಲ್ಲ. ವಾಕರ್‌ನಲ್ಲಿ ಮಗುವಿನ ಭಾರವನ್ನು ಸೀಟು ಹೊರುತ್ತದೆ. ಮಗು ತುದಿಗಾಲಲ್ಲಿ ನೆಲ ಒದ್ದು ಮುಂದೆ ಹೋಗುತ್ತದೆಯೇ ಹೊರತು ಸಮತೋಲನ ಕಲಿಯುವುದಿಲ್ಲ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವಾಕರ್ ಬಳಸಿದ ಮಕ್ಕಳು ಕೂರಲು, ಅಂಬೆಗಾಲಿಡಲು, ನಡೆಯಲು ಕಲಿತದ್ದು ಉಳಿದವರಿಗಿಂತ ತಡವಾಗಿ.

ಅಪಾಯವೇನು?
ವಾಕರ್ ಸೆಕೆಂಡಿಗೆ ಸುಮಾರು ಒಂದು ಮೀಟರ್ ಓಡಬಲ್ಲದು. ಪಕ್ಕದಲ್ಲೇ ಇದ್ದರೂ ಹಿಡಿಯುವುದು ಕಷ್ಟ. 1990ರಿಂದ 2014ರವರೆಗೆ ಅಮೆರಿಕದಲ್ಲಿ 2.3 ಲಕ್ಷ ಶಿಶುಗಳು ವಾಕರ್ ಅವಘಡಗಳಿಂದ ತುರ್ತು ಚಿಕಿತ್ಸೆ ಪಡೆದರು. ನಾಲ್ವರಲ್ಲಿ ಸುಮಾರು ಮೂವರು ಮೆಟ್ಟಿಲಿಂದ ಬಿದ್ದವರು. ಹೆಚ್ಚಿನವರಿಗೆ ಪೆಟ್ಟಾಗಿದ್ದು ತಲೆ, ಕುತ್ತಿಗೆಗೆ. ಕೆನಡಾ 2004ರಲ್ಲೇ ವಾಕರ್ ನಿಷೇಧಿಸಿತು.

ಹಲಸೂರು, ಶಿವಾಜಿನಗರದ ಎಷ್ಟೋ ಮಹಡಿ ಮನೆಗಳಲ್ಲಿ ಬಾಗಿಲು ದಾಟಿದರೆ ಮೆಟ್ಟಿಲೇ. ವಾಕರ್‌ನಲ್ಲಿ ನಿಂತ ಮಗುವಿಗೆ ಮೇಜಿನ ಮೇಲಿನ ಬಿಸಿ ಕಾಫಿ, ಸಾರಿನ ಪಾತ್ರೆಯೂ ಕೈಗೆಟುಕುತ್ತದೆ.

ಏನು ಮಾಡಬೇಕು?
• ನೆಲದ ಮೇಲೆ ಚಾಪೆ ಹಾಸಿ, ಕಣ್ಣೆದುರೇ ಆಡಲು ಬಿಡಿ.
• ಗೋಡೆ, ಮಂಚ ಹಿಡಿದು ತಾನಾಗಿ ನಿಲ್ಲಲಿ.
• ಮೆಟ್ಟಿಲಿನ ಬಳಿ ಅಡ್ಡಗೇಟು ಹಾಕಿಸಿ.
• ಹಳೇ ವಾಕರ್ ಬೇರೆ ಮನೆಗೆ ಕೊಡಬೇಡಿ. ಬಿಚ್ಚಿ ಗುಜರಿಗೆ ಹಾಕಿ.
• ಬಿದ್ದ ಮೇಲೆ ವಾಂತಿ, ಮಂಪರು, ಫಿಟ್ಸ್ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.

ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ನಡೆಯುವುದಿಲ್ಲ. 18 ತಿಂಗಳಾದರೂ ನಡೆಯದಿದ್ದರೆ ತೋರಿಸಬೇಕಾದ್ದು ಮಕ್ಕಳ ವೈದ್ಯರಿಗೆ, ತರಬೇಕಾದ್ದು ವಾಕರ್ ಅಲ್ಲ.