ಕೊಡದ ಹೆಣ್ಣು, ಬಿಟ್ಟ ಊರು: ಮಾಗಡಿ ಸೀಮೆಯ ಒಂದು ಮದುವೆ ಜಗಳ

(1/6)

ಮನೇಲಿ ಮದುವೆ ಮಾತುಕತೆ ನಡೆಯೋವಾಗ ಹತ್ತಿರ ಕೂತಿದ್ದೀರಾ ಯಾವತ್ತಾದ್ರೂ? ನಮ್ಮ ವಯಸ್ಸಿನೋರನ್ನ ಸೇರಿಸಲ್ಲ, ಗೊತ್ತು. ಕಾಫಿ ತಟ್ಟೆ ಹಿಡ್ಕೊಂಡು ಒಳಗೆ ಹೋದಾಗ ಕಿವಿಗೆ ಬಿದ್ದಷ್ಟೇ. ಎಷ್ಟು ಎಕರೆ, ಎಷ್ಟು ಮೊಟ್ಟೆ ಹುಳ ಮೇಯಿಸ್ತಾರೆ, ಬೆಂಗಳೂರಲ್ಲಿ ಸೈಟ್ ಇದ್ಯಾ, ಹುಡುಗ ಏನು ಓದವ್ನೆ. ಇದೆಲ್ಲ ಮುಗಿದ ಮೇಲೆ ಯಾರೋ ಒಬ್ಬ ದೊಡ್ಡೋರು ಗಂಟಲು ಸರಿಮಾಡ್ಕೊಂಡು, "ಅದೆಲ್ಲ ಸರಿ, ಮನೆತನ ಹೆಂಗೆ?" ಅಂತಾರೆ. ಎಲ್ಲರೂ ಸುಮ್ಮನಾಗ್ತಾರೆ.

ಆ ಒಂದು ಪ್ರಶ್ನೆ ಎಷ್ಟು ಹಳೇದು ಅಂತ ಇವತ್ತು ನೋಡೋಣ. ಫೋಟೋದಲ್ಲಿ ಇರೋದು ಮಾಗಡಿ ಪಕ್ಕದ ಸಾವನದುರ್ಗ. ಸಮುದ್ರ ಮಟ್ಟದಿಂದ 1226 ಮೀಟರ್. ಟ್ರೆಕ್ಕಿಂಗ್ ಹೋಗಿ, ಸೆಲ್ಫಿ ತೆಗೆದು, ಮಜ್ಜಿಗೆ ಕುಡಿದು ಬಂದಿರ್ತೀರಿ. ಈ ಬೆಟ್ಟದ ಕೋಟೆ ಕೆಂಪೇಗೌಡರ ಮನೆತನದ್ದು. ಆ ಮನೆತನ ನಮ್ಮ ಸೀಮೆಗೆ ಬಂದಿದ್ದು ಯಾಕೆ ಅಂತ ಕೇಳಿದ್ರೆ, ಹಳೇ ಕತೆ ಕೊಡೋ ಉತ್ತರ ಯುದ್ಧ ಅಲ್ಲ, ಬರಗಾಲ ಅಲ್ಲ. ಮುರಿದುಬಿದ್ದ ಒಂದು ಮದುವೆ ಪ್ರಸ್ತಾಪ.

(2/6)

ಕತೆ ಹೀಗಿದೆ. ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಇದನ್ನ ಬರೆದಿಟ್ಟಿದ್ದಾನೆ. ಮೊದಲ ಮುದ್ರಣ 1877, ಪರಿಷ್ಕರಿಸಿದ್ದು 1897.

ಕಂಚಿ ಸೀಮೆಯಲ್ಲಿ ಒಂದು ಮೊರಸು ಒಕ್ಕಲು ಕುಟುಂಬ. ಹಿರಿಯ ರಣಭೈರೇಗೌಡ. ಆ ಮನೆಯ ಮಗಳು ದೊಡ್ಡಮ್ಮ, ತುಂಬಾ ಚೆಲುವೆ. ಆ ಜಾಗದ ಪಾಳೆಗಾರ ಹೆಣ್ಣು ಕೇಳಿ ಕಳಿಸಿದ. ಅವನ ಕೈಯಲ್ಲಿ ಅಧಿಕಾರ ಇತ್ತು, ಆಳುಗಳಿದ್ದರು, ಕೋಟೆ ಇತ್ತು. ಆದರೆ ಜಾತಿಯಲ್ಲಿ ಅವನು ತಮಗಿಂತ ಕೆಳಗಿನವನು ಅಂತ ಗೌಡರ ಮನೆಯವರ ಲೆಕ್ಕ. ಕೊಡಲ್ಲ ಅಂದ್ರೆ ಉಳಿಗಾಲ ಇಲ್ಲ, ಕೊಟ್ರೆ ತಲೆ ಎತ್ತೋ ಹಾಗಿಲ್ಲ. ಅಣ್ಣತಮ್ಮಂದಿರು ಸಾಮಾನು, ಹೆಂಗಸರು, ಮಕ್ಕಳನ್ನ ಗಾಡಿಗೆ ಹತ್ತಿಸಿ ಊರೇ ಬಿಟ್ಟರು.

ಹಿಂದೆ ಪಾಳೆಗಾರನ ಕಡೆಯವರು, ಮುಂದೆ ಉಕ್ಕಿ ಹರೀತಿರೋ ಪಾಲಾರ್ ನದಿ. ಆಗ ದೊಡ್ಡಮ್ಮ ಗಂಗೆಯನ್ನ ಬೇಡಿಕೊಂಡು ತನ್ನ ಕಿವಿಯ ಓಲೆ ಬಿಚ್ಚಿ ನೀರಿಗೆ ಹಾಕಿದಳಂತೆ. ನದಿ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಇವರು ದಾಟಿದ ಮೇಲೆ ಮತ್ತೆ ಕೂಡಿಕೊಂಡಿತಂತೆ. ಗಾಡಿಗಳು ಬಂದು ನಿಂತಿದ್ದು ನಂದಿಬೆಟ್ಟದ ಪೂರ್ವಕ್ಕೆ, ಈಗಿನ ದೇವನಹಳ್ಳಿ ತಾಲ್ಲೂಕಿನ ಆವತಿಯ ಹತ್ತಿರ. ಅಲ್ಲಿಂದ ಒಬ್ಬೊಬ್ಬರು ಒಂದೊಂದು ಕಡೆ ಹೋಗಿ ನೆಲೆ ಕಟ್ಟಿದರು. ಒಬ್ಬರ ಕಡೆಯವರು ದೇವನಹಳ್ಳಿ, ಇನ್ನೊಬ್ಬರ ಕಡೆಯವರು ಚಿಕ್ಕಬಳ್ಳಾಪುರ. ಜಯಗೌಡ ಯಲಹಂಕಕ್ಕೆ ಬಂದು ವಿಜಯನಗರಕ್ಕೆ ತಲೆಬಾಗಿ ನಾಡಪ್ರಭು ಆದ. ಅವನ ವಂಶದಲ್ಲೇ ಬೆಂಗಳೂರು ಕಟ್ಟಿದ ಕೆಂಪೇಗೌಡ ಹುಟ್ಟಿದ್ದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ಹಿಡಿದಾಗ ಈ ಮನೆತನ ಮಾಗಡಿಗೆ ಸರೀತು.

ಒಂದು ಚಿಕ್ಕ ವಿಷಯ, ಭೂಗೋಳ ಇಷ್ಟ ಇರೋರಿಗೆ. ಪಾಲಾರ್ ಹುಟ್ಟೋದು ನಂದಿಬೆಟ್ಟದ ಸುತ್ತಮುತ್ತ, ಹರಿದು ಹೋಗೋದು ಕಂಚಿ ಕಡೆಗೆ. ಅಂದ್ರೆ ಈ ಗಾಡಿಗಳು ನದಿಯನ್ನ ದಾಟಿ ಅದರ ಮೂಲದ ಕಡೆಗೇ ಬಂದವು. ಅದೇ ನಂದಿಯಲ್ಲಿ ಹುಟ್ಟೋ ಇನ್ನೊಂದು ನದಿ ನಮ್ಮ ಅರ್ಕಾವತಿ. ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ನಮ್ಮ ಊರಿನ ನೀರಿಗೂ ಈ ಕತೆಗೂ ಮೂಲ ಒಂದೇ ಬೆಟ್ಟ.

(3/6)

ಈಗ ಇನ್ನೊಂದು ಕತೆ. ಮೈಸೂರು ಒಡೆಯರದ್ದು. ಇದನ್ನ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ಪುಸ್ತಕದಲ್ಲಿ ಹೇಳ್ತಾನೆ, ಹಳೇ ಕನ್ನಡ ಬರಹಗಳನ್ನ ಇಟ್ಟುಕೊಂಡು.

1399 ಅಂತ ಹೇಳೋ ವರ್ಷ. ನಂಜನಗೂಡು ಕಡೆಯ ಹದಿನಾಡು, ಈಗಿನ ಹದಿನಾರು. ಅಲ್ಲಿನ ಒಡೆಯನಿಗೆ ಬುದ್ಧಿ ಸ್ಥಿಮಿತ ಇಲ್ಲ, ಮನೆಬಿಟ್ಟು ಹೋಗಿದ್ದಾನೆ. ಮನೇಲಿ ಹೆಂಗಸರು ಮತ್ತು ಒಬ್ಬಳೇ ಮಗಳು. ಪಕ್ಕದ ಕಾರುಗಹಳ್ಳಿಯ ನಾಯಕ ಹೆಣ್ಣು ಕೊಡಿ, ಇಲ್ಲ ಯುದ್ಧಕ್ಕೆ ಬನ್ನಿ ಅಂತ ಹೇಳಿಕಳಿಸ್ತಾನೆ. ಅವನೂ "ಕೆಳಜಾತಿಯವನು" ಅಂತಲೇ ಬರೆದಿದ್ದಾರೆ. ಬೇರೆ ದಾರಿ ಕಾಣದೆ ಮನೆಯವರು ಒಪ್ಪಿಕೊಂಡಿದ್ದಾರೆ. ಅಷ್ಟರಲ್ಲಿ ಹೊರಗಿನಿಂದ ಬಂದ ಇಬ್ಬರು ಅಣ್ಣತಮ್ಮಂದಿರು ಕೆರೆ ಹತ್ರ ನೀರಿಗೆ ಬಂದ ಹೆಂಗಸರ ಮಾತು ಕೇಳಿಸಿಕೊಳ್ತಾರೆ. ಆಮೇಲಿನದು ಪೂರ್ತಿ ಸಿನಿಮಾ. ಮದುವೆ ಊಟಕ್ಕೆ ಕೂತ ನಾಯಕನನ್ನ ಅಡಗಿ ಕೂತಿದ್ದವರು ಕೊಂದುಹಾಕಿದರು. ಹಾಗೇ ಹೋಗಿ ಕಾರುಗಹಳ್ಳಿಯನ್ನೂ ಹಿಡಿದರು. ಅಣ್ಣನಿಗೆ ಆ ಹುಡುಗಿ ಜೊತೆ ಮದುವೆ ಆಯ್ತು, ಎರಡೂ ಸೀಮೆ ಅವನದಾಯ್ತು. ಅವನೇ ಯದುರಾಯ. ನಾವು ದಸರಾದಲ್ಲಿ ನೋಡೋ ಅರಮನೆಯ ಮೂಲಪುರುಷ.

ಎರಡು ಕತೆ ಪಕ್ಕಪಕ್ಕ ಇಟ್ಟು ನೋಡಿ. ಬಲ ಇರೋ ಗಂಡು, ಬಲ ಕಮ್ಮಿ ಇರೋ ಆದರೆ "ಮೇಲಿನ" ಮನೆ, ಬೇಡದ ಸಂಬಂಧ, ಕೊನೆಗೆ ಹುಟ್ಟೋದು ಒಂದು ರಾಜವಂಶ. ಒಂದು ಮನೆತನ ಹೆಣ್ಣನ್ನ ಕೊಡದೆ ಓಡಿ ಬಂತು, ಇನ್ನೊಂದು ಹೆಣ್ಣು ಕೇಳಿದವನನ್ನ ಕೊಂದು ಎದ್ದಿತು. (ನನ್ನ ಮಟ್ಟಿಗೆ ಓಡಿಬಂದವರ ಕತೆಯೇ ವಾಸಿ. ಊಟಕ್ಕೆ ಕೂತವನ ಮೇಲೆ ಯಾರೂ ಕೈ ಮಾಡಲಿಲ್ಲ.)

ಈ ಎರಡೂ ಮನೆತನ ಮುಖಾಮುಖಿ ಆಗಿದ್ದು ನಮ್ಮ ಕಡೆಯೇ. ಮೈಸೂರಿನವರು 1630ರಲ್ಲೇ ಜಗದೇವರಾಯನ ಮನೆತನದಿಂದ ಚನ್ನಪಟ್ಟಣ ಕಿತ್ತುಕೊಂಡಿದ್ದರು. 1728ರಲ್ಲಿ ದಳವಾಯಿ ದೇವರಾಜಯ್ಯ ಮಾಗಡಿ ಮತ್ತು ಸಾವನದುರ್ಗ ಎರಡನ್ನೂ ಹಿಡಿದ. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿ ತೀರಿಕೊಂಡ. ಫೋಟೋದಲ್ಲಿರೋ ಆ ಬಂಡೆ ಮೇಲಿನ ಗೋಡೆಗಳು ಇದನ್ನೆಲ್ಲ ನೋಡಿವೆ.

(4/6)

"ಇದೆಲ್ಲ ನಿಜಾನಾ ಗುರು?" ಅಂತ ಕೇಳ್ತೀರಾ. ನದಿ ಬಾಯಿಬಿಟ್ಟಿದ್ದನ್ನ ಇತಿಹಾಸ ಅನ್ನೋಕೆ ಆಗಲ್ಲ. ಯದುರಾಯನ ಕತೆ ಬರಹಕ್ಕೆ ಇಳಿದಿದ್ದೂ ಸುಮಾರು ಮುನ್ನೂರು ವರ್ಷ ಆದ ಮೇಲೆ. ಆದರೆ ಒಂದು ಜನ ತಮ್ಮ ಬಗ್ಗೆ ತಾವೇ ಏನು ಹೇಳ್ಕೊಂಡು ಬಂದರು ಅನ್ನೋದೂ ಇತಿಹಾಸವೇ.

ಯಾಕಂದ್ರೆ ಈ ಕತೆ ಒಂದಲ್ಲ ಎರಡಲ್ಲ. ಕಟ್ಟಬೊಮ್ಮನ ಕುಲದವರು, ತಮಿಳುನಾಡಿನ ರಾಜಕಂಬಳ ನಾಯಕರು ಇದ್ದಾರಲ್ಲ, ಅವರದ್ದೂ ಇದೇ. ಮುಸ್ಲಿಂ ದೊರೆಗಳು ಹೆಣ್ಣು ಕೇಳಿದರು, ಓಡಿ ಬಂದ್ವಿ, ನದಿ ಅಡ್ಡ ಬಂತು, ಎರಡು ದಡದ ಹೊಂಗೆ ಮರ ಬಾಗಿ ಸೇತುವೆ ಆದವು ಅಂತಾರೆ. ಅದಕ್ಕೇ ಹೊಂಗೆ ಅವರಿಗೆ ಪೂಜೆಯ ಮರ. ನೀಲಗಿರಿಯ ಬಡಗರು, ಕನ್ನಡಕ್ಕೆ ತೀರಾ ಹತ್ತಿರದ ಮಾತಾಡೋರು, ಅವರೂ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ್ದಕ್ಕೆ ಇಂಥದ್ದೇ ಕಾರಣ ಹೇಳ್ತಾರೆ. ಇನ್ನು ಪೇಟೆ ಬೀದಿಯ ಕನ್ನಿಕಾಪರಮೇಶ್ವರಿ. ಪೆನುಗೊಂಡದ ಶೆಟ್ಟರ ಮಗಳು ವಾಸವಿಯನ್ನ ರಾಜ ವಿಷ್ಣುವರ್ಧನ ಮದುವೆಗೆ ಕೇಳ್ತಾನೆ. ಅವಳು ಓಡಲ್ಲ, ಬೆಂಕಿಗೆ ಇಳೀತಾಳೆ, ಜೊತೆಗೆ 102 ಗೋತ್ರದವರು.

ಗಮನಿಸಿದ್ರಾ? ಒಂದು ಕಡೆ ಗಂಡು ಕೆಳಜಾತಿ, ಒಂದು ಕಡೆ ಬೇರೆ ಧರ್ಮ, ಒಂದು ಕಡೆ ಸಾಕ್ಷಾತ್ ರಾಜ. ಗಂಡಿನ ಗುರುತು ಬದಲಾಗ್ತಾ ಹೋಗುತ್ತೆ, "ಇವನಿಗೆ ಕೊಡಲ್ಲ" ಅನ್ನೋದು ಮಾತ್ರ ಅಲ್ಲೇ ಇದೆ.

ಕಾರಣ ಯೋಚನೆ ಮಾಡಿ. 14ನೇ ಶತಮಾನದಲ್ಲಿ ಹೊಯ್ಸಳರು ಹೋದ ಮೇಲೆ ಈ ಕಡೆ ಪೂರ್ತಿ ಗಲಿಬಿಲಿ. ನಾಲ್ಕು ಕುದುರೆ, ನೂರು ಆಳು, ಒಂದು ಮಣ್ಣಿನ ಕೋಟೆ ಇದ್ದವನು ಪಾಳೆಗಾರ. ಬಲ ಬಂತು, ಆದರೆ ಮರ್ಯಾದೆ ತಾನಾಗಿ ಬರಲ್ಲ. ಅದು ಬರೋಕೆ ಒಂದೇ ದಾರಿ, ಹೆಸರಿರೋ ಮನೆಯಿಂದ ಹೆಣ್ಣು ತರೋದು. ಹೆಣ್ಣು ಕೊಟ್ಟ ಮನೆ ಅವನನ್ನ ಸರಿಸಮ ಅಂತ ಊರಿನ ಮುಂದೆ ಒಪ್ಪಿಕೊಂಡ ಹಾಗೆ. ಹಾಗಾಗಿ ಜಗಳ ಇದ್ದಿದ್ದು ದೊಡ್ಡಮ್ಮನ ರೂಪದ್ದಲ್ಲ. ಅಧಿಕಾರದ ಏಣಿ ಒಂದು, ಜಾತಿಯ ಏಣಿ ಇನ್ನೊಂದು. ಒಂದರಲ್ಲಿ ಮೇಲೆ ಹತ್ತಿದವನು ಇನ್ನೊಂದಕ್ಕೆ ಕಾಲಿಡೋಕೆ ಹೋದ, ಅಲ್ಲಿದ್ದವರು ಏಣಿ ಎಳ್ಕೊಂಡರು.

ಇನ್ನೂ ಒಂದು ಲಾಭ ಇದೆ ಈ ಕತೆಯಿಂದ. ವಲಸೆ ಬಂದವರನ್ನ ಎಲ್ಲರೂ ಕೇಳ್ತಾರೆ, ಯಾಕೆ ಊರು ಬಿಟ್ರಿ ಅಂತ. ಮಳೆ ಹೋಯ್ತು, ಸಾಲ ಆಯ್ತು, ದಾಯಾದಿ ಜಗಳ ಅಂತ ಹೇಳೋಕೆ ಯಾರಿಗೆ ಇಷ್ಟ? ಮಗಳ ಮಾನ ಉಳಿಸೋಕೆ ಬಂದ್ವಿ ಅಂದ್ರೆ ಹೊಸ ಊರಲ್ಲೂ ತಲೆ ಎತ್ತಿ ಓಡಾಡಬಹುದು. ಆಮೇಲೆ ವಂಶ ದೊಡ್ಡದಾದಾಗ, "ನಾವು ಮೊದಲಿಂದಲೂ ದೊಡ್ಡೋರೇ" ಅಂತ ಹೇಳೋಕೂ ಇದೇ ಸಾಕ್ಷಿ. ಕಾರುಗಹಳ್ಳಿ ನಾಯಕನ ಮಕ್ಕಳು ಗೆದ್ದು ರಾಜ್ಯ ಕಟ್ಟಿದ್ದರೆ ಅದೇ ಊಟದ ಕತೆ ಹೇಗೆ ಬರೆದಿರ್ತಿದ್ದರು? ಮದುವೆಗೆ ಕರೆದು ಮೋಸದಿಂದ ಕೊಂದರು ಅಂತಲೇ ಅಲ್ವಾ?

(5/6)

ನನ್ನನ್ನ ಕಾಡೋದು ಬೇರೆ. ದೊಡ್ಡಮ್ಮನಿಗೆ ಏನನ್ನಿಸ್ತು?

ಕತೇಲಿ ಅವಳ ಅಪ್ಪನ ಹೆಸರಿದೆ, ಜಾತಿ ಇದೆ, ಕೇಳಿದವನ ಜಾತಿಯ ಲೆಕ್ಕ ಇದೆ, ಗಾಡಿ ನಿಂತ ಬೆಟ್ಟದ ಹೆಸರಿದೆ. ಅವಳನ್ನ ಕೇಳಿದ್ರು ಅಂತ ಎಲ್ಲೂ ಇಲ್ಲ. ಅವಳು ಆ ಪಾಳೆಗಾರನನ್ನ ನೋಡಿದ್ದಳೋ ಇಲ್ವೋ ಅದೂ ಇಲ್ಲ. ಹದಿನಾಡಿನ ಹುಡುಗಿ ವಿಷಯದಲ್ಲಿ ವಿಲ್ಕ್ಸ್ ಒಂದು ಮಾತು ಸೇರಿಸ್ತಾನೆ, ಅವಳು ಮನಸ್ಸಿಟ್ಟು ಮದುವೆಯಾದಳು ಅಂತ. ಅದೂ ಯಾವಾಗ? ಗಂಡು ಗೆದ್ದ ಮೇಲೆ. ಮೊದಲನೆಯವನಿಗೆ ಕೊಡ್ತೀವಿ ಅಂತ ಮನೆಯವರು ಒಪ್ಪಿಕೊಂಡಾಗ ಅವಳ ಮನಸ್ಸಿನ ಸುದ್ದಿ ಇಲ್ಲ.

ಆದರೂ ನದಿ ದಡದಲ್ಲಿ ಏನಾಯ್ತು ನೋಡಿ. ಅಪ್ಪ ನಿಂತಿದ್ದಾನೆ, ಅಣ್ಣತಮ್ಮಂದಿರೆಲ್ಲ ನಿಂತಿದ್ದಾರೆ, ಯಾರ ಕೈಯಲ್ಲೂ ಏನೂ ಆಗಲಿಲ್ಲ. ದಾರಿ ಮಾಡಿದ್ದು ಇವಳ ಓಲೆ. ಇಷ್ಟು ಹೇಳಿದ ಕತೆ ಆಮೇಲೆ ಅವಳನ್ನ ದಡದಲ್ಲೇ ಬಿಟ್ಟು, ಅಣ್ಣತಮ್ಮಂದಿರ ಜೊತೆ ಆವತಿಗೆ ಹೋಗುತ್ತೆ. ಯಾರು ಎಲ್ಲಿ ಕೋಟೆ ಕಟ್ಟಿದ, ಯಾರು ಎಷ್ಟು ವರ್ಷ ಆಳಿದ, ಎಲ್ಲ ಬರುತ್ತೆ. ಅವಳು ಯಾರನ್ನ ಮದುವೆಯಾದಳು ಅನ್ನೋದು ಬರಲ್ಲ. ಇಡೀ ಊರೇ ಬಿಟ್ಟಿದ್ದು ಅವಳ ಮದುವೆ ವಿಷಯಕ್ಕೆ ಅನ್ನೋದು ನೆನಪಿರಲಿ.

2022ರ ನವೆಂಬರಿನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಹತ್ರ 108 ಅಡಿಯ ಕೆಂಪೇಗೌಡರ ಪ್ರತಿಮೆ ನಿಲ್ಲಿಸಿದರು. ಆವತಿಯೂ ಅದೇ ತಾಲ್ಲೂಕು. ಪ್ರತಿಮೆ ನೋಡಿದಾಗೆಲ್ಲ ನನಗೆ ಆ ಓಲೆ ನೆನಪಾಗುತ್ತೆ.

(6/6)

ಈಗಿನ ವಿಷಯಕ್ಕೆ ಬರ್ತೀನಿ, ಉದ್ದ ಮಾಡಲ್ಲ.

ದೊಡ್ಡಮ್ಮನ ಕಾಲದಲ್ಲಿ ಹೆಣ್ಣಿನ ಮನೆಯವರು ಗಂಡಿನಿಂದ ತಪ್ಪಿಸಿಕೊಂಡು ರಾತ್ರೋರಾತ್ರಿ ಓಡಿದರು ಅಂತ ಕತೆ. ಈಗ ನಮ್ಮ ತಾಲ್ಲೂಕುಗಳಲ್ಲಿ ಯಾರು ಓಡ್ತಾರೆ? ಹುಡುಗ ಹುಡುಗಿ. ಯಾರಿಂದ? ಮನೆಯವರಿಂದ. ಗಾಡಿ ಅದೇ, ಒಳಗೆ ಕೂತವರು ಬದಲು. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಜಾತಿ, ಧರ್ಮ ನೋಡದೆ ಮದುವೆ ಆಗಬಹುದು. ಆದರೆ ಮೊದಲು ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ತಾರೆ. ಚಿಕ್ಕ ಊರಲ್ಲಿ 30 ದಿನ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಬಸ್‌ಸ್ಟ್ಯಾಂಡಲ್ಲಿ ಇಬ್ಬರು ಮಾತಾಡಿದ್ರೆ ಸಂಜೆ ಒಳಗೆ ಮನೆಗೆ ಸುದ್ದಿ ಹೋಗುತ್ತೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಅದರಲ್ಲಿ ಕುಲದವರಾಗಲಿ ಪಂಚಾಯ್ತಿಯವರಾಗಲಿ ಕೈ ಹಾಕೋದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಹೇಳಿದೆ. ತೀರ್ಪು ಕೊಟ್ಟಿದ್ದು ಶಕ್ತಿವಾಹಿನಿ ಅನ್ನೋ ಸಂಸ್ಥೆ ಹಾಕಿದ ಕೇಸಿನಲ್ಲಿ. ಈ ಸಾಲನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಯಾರಿಗಾದ್ರೂ ಬೇಕಾಗುತ್ತೆ.

ನಿಮ್ಮ ಮನೇಲೂ ಇಂಥ ಕತೆ ಇರುತ್ತೆ. "ನಾವು ಮೂಲ ಇಲ್ಲಿಯವರಲ್ಲ, ಹಿಂದೆ ಒಂದು ಮದುವೆ ವಿಷಯಕ್ಕೆ ಊರು ಬಿಟ್ಟು ಬಂದ್ವಿ" ಅಂತ ಅಜ್ಜಿನೋ ತಾತನೋ ಹೇಳಿರ್ತಾರೆ. ಭಾನುವಾರ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಕೇಳಿ. ಯಾವ ಊರು, ಯಾವ ನದಿ, ಯಾರು ಕೇಳಿದ್ದು, ಯಾಕೆ ಕೊಡಲಿಲ್ಲ. ಕೊನೇಲಿ ಇದೊಂದು ಕೇಳೋದು ಮರೀಬೇಡಿ: ಅಜ್ಜಿ, ಆ ಹುಡುಗಿ ಹೆಸರೇನು? ಆಮೇಲೆ ಅವಳು ಏನಾದಳು?

ಸಿಕ್ಕ ಉತ್ತರ ಕೆಳಗೆ ಬರೀರಿ. ಗೊತ್ತಿಲ್ಲ ಅಂದ್ರೆ ಅದನ್ನೂ ಬರೀರಿ.

#ಮಾಗಡಿ #ಸಾವನದುರ್ಗ #ರಾಮನಗರ #ಚನ್ನಪಟ್ಟಣ #ಕನಕಪುರ #ನಮ್ಮೂರ_ಇತಿಹಾಸ