ಅಂಚೆಯಿಂದ ಪೋರ್ಟ್ 25ರವರೆಗೆ: ಮನೆಯಿಂದಲೇ ಇಮೇಲ್ ಕಳಿಸುವ ಹಕ್ಕಿನ ಚರಿತ್ರೆ

ಇದು ಕಂಪ್ಯೂಟರ್ ವಿಭಾಗದ ವಿಷಯ ಅಲ್ವಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಪತ್ರಗಳನ್ನು ಸಾಹಿತ್ಯಚರಿತ್ರೆಯ ಆಕರವಾಗಿ ಓದುವ ನಾವು, ಅವನ್ನು ಹೊತ್ತವರು ಯಾರು ಅನ್ನೋದನ್ನೂ ಕೇಳಬೇಕಾಗುತ್ತದೆ.

ವಯನಾಡಿನಿಂದ ಶುರು ಮಾಡೋಣ. ಗುಂಡ್ಲುಪೇಟೆ ಬಿಟ್ಟು ಮುತ್ತಂಗದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ. ಗಡಿಯ ಈಚೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು. ತಿರುವಾಂಕೂರು, ಕೊಚ್ಚಿಗಳ 'ಅಂಚಲ್' 1951ರವರೆಗೆ ಉಳಿಯಿತು. ವಯನಾಡು ಮಲಬಾರ್ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿ ಬ್ರಿಟಿಷರ ಅಂಚೆ. ಊರು ಹತ್ತಿರ, ಕಾಗದ ಹೊರುವ ದೊರೆ ಬೇರೆ.

ಇಮೇಲ್‌ನಲ್ಲಿ ಮೊದಲು ಇಂಥ ದೊರೆಯೇ ಇರಲಿಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ನಿಯಮದ ಪ್ರಕಾರ ಯಾವ ಕಂಪ್ಯೂಟರ್ ಬೇಕಾದರೂ ಇನ್ನೊಂದಕ್ಕೆ ನೇರವಾಗಿ ಪತ್ರ ಕೊಡಬಹುದು. ಈಗ ಬತ್ತೇರಿಯ ಒಂದು ಮನೆಯಲ್ಲಿ ಲಿನಕ್ಸ್ ಯಂತ್ರ ಇದೆ, ಅದರಲ್ಲಿ ಪೋಸ್ಟ್‌ಫಿಕ್ಸ್ ಇದೆ ಅಂದ್ಕೊಳ್ಳಿ. 'ರಿಲೇಹೋಸ್ಟ್' ಅನ್ನೋ ಜಾಗ ಖಾಲಿ ಬಿಟ್ಟರೆ ಮಧ್ಯವರ್ತಿ ಇಲ್ಲ. ಯಂತ್ರ ಡಿಎನ್‌ಎಸ್‌ನಲ್ಲಿ ಎಂಎಕ್ಸ್ ದಾಖಲೆ ಹುಡುಕಿ, ಎದುರಿನವರ 25ನೇ ಪೋರ್ಟಿನ ಬಾಗಿಲು ತಟ್ಟುತ್ತದೆ. 'ಆಮೇಲೆ ಬಾ' ಅಂದರೆ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಐದು ದಿನ ಪ್ರಯತ್ನಿಸುತ್ತದೆ.

ಈ ಬಾಗಿಲು ಮುಚ್ಚಿದ್ದಕ್ಕೆ ಕಾರಣ ಇತ್ತು. 1990ರ ದಶಕದಲ್ಲಿ ಸ್ಪ್ಯಾಮ್ ಹೆಚ್ಚಿತು; ಯಾರ ಪತ್ರವನ್ನಾದರೂ ಹೊತ್ತುಕೊಡುತ್ತಿದ್ದ ಸರ್ವರ್‌ಗಳು ಅದಕ್ಕೆ ದಾರಿಯಾದವು. 1997ರಲ್ಲಿ ಪಾಲ್ ವಿಕ್ಸಿಯವರ ತಡೆಪಟ್ಟಿ ಬಂತು. ಮುಂದೆ ಮನೆ ಸಂಪರ್ಕಗಳ ವಿಳಾಸಗಳನ್ನೇ ಇಡಿಯಾಗಿ ಪಟ್ಟಿಗೆ ಸೇರಿಸುವ ರೂಢಿಯಾಯಿತು. ಅನೇಕ ಇಂಟರ್ನೆಟ್ ಕಂಪನಿಗಳು 25ನೇ ಪೋರ್ಟನ್ನು ತಾವೇ ಮುಚ್ಚಿದವು. ಕಳಿಸಿದವರ ನಡತೆ ನೋಡದೆ, ಕೇರಿ ನೋಡಿ ತೀರ್ಪು ಕೊಟ್ಟ ಹಾಗೆ.

ಆಮೇಲೆ ಗುರುತಿನ ಚೀಟಿಗಳು ಬಂದವು: 2006ರಲ್ಲಿ ಎಸ್‌ಪಿಎಫ್, 2007ರಲ್ಲಿ ಡಿಕಿಮ್, 2015ರಲ್ಲಿ ಡಿಮಾರ್ಕ್. ಸ್ವಂತ ಡೊಮೇನ್ ಇದ್ದವರು ಈ ಮೂರನ್ನೂ ತಾವೇ ಬರೆದುಕೊಳ್ಳಬಹುದು. ಆದರೆ ಐಪಿ ವಿಳಾಸದಿಂದ ಹೆಸರು ಹೇಳುವ ಪಿಟಿಆರ್ ದಾಖಲೆ ಮಾತ್ರ ಆ ವಿಳಾಸದ ಒಡೆಯರ ಕೈಯಲ್ಲಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳಿಸುವವರೆಲ್ಲರಿಗೂ ಅದು ಕಡ್ಡಾಯ.

ಇಲ್ಲಿ ನನ್ನ ವಾದ ಇಷ್ಟೇ. 2001ರಲ್ಲಿ ತಿರುವನಂತಪುರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಶುರುವಾಯಿತು; ಕೇರಳದ ಶಾಲೆಗಳಿಗೆ ಲಿನಕ್ಸ್ ಬಂತು. ತಂತ್ರಾಂಶ ನಮ್ಮದಾಯಿತು, ವಿಳಾಸ ಬಾಡಿಗೆಯದೇ ಉಳಿಯಿತು. ಬತ್ತೇರಿಯ ಆ ಮನೆ ತನ್ನ ಪತ್ರಗಳನ್ನು ತಾನೇ ಕಾಪಿಡಬಹುದು. ಹೊರಗೆ ಕಳಿಸೋಕೆ ಮಾತ್ರ ಇನ್ನೊಬ್ಬರ ರಿಲೇ ಬೇಕು.

ನಮ್ಮ ಕೆಲಸಕ್ಕೂ ಇದರಿಂದ ಒಂದು ಪಾಠ ಇದೆ. ಇಮೇಲ್ ಹೊತ್ತ ಪ್ರತಿ ಸರ್ವರ್ 'ರಿಸೀವ್ಡ್' ಅಂತ ಒಂದು ಸಾಲು ಸೇರಿಸುತ್ತದೆ. ಮುಂದೆ ಲೇಖಕರ ಇಮೇಲ್‌ಗಳನ್ನು ಸಂಪಾದಿಸುವವರು ಆ ಸಾಲುಗಳನ್ನು ಕಸ ಅಂತ ಕಿತ್ತುಹಾಕಬಾರದು. ಲಕೋಟೆಯ ಮೇಲಿನ ಅಂಚೆ ಮುದ್ರೆಯಂತೆ, ಪತ್ರ ಯಾರ ಕೈ ದಾಟಿ ಬಂತು ಅನ್ನೋದಕ್ಕೆ ಉಳಿಯುವ ಸಾಕ್ಷಿ ಅದು.